2.1ರ ಕೆಳಗಿಳಿದರೂ ಜನ ಹೆಚ್ಚುವುದೇಕೆ?

ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಈಗಿನ ಲೆಕ್ಕದಲ್ಲಿ ಒಬ್ಬ ಹೆಣ್ಣಿಗೆ ಹುಟ್ಟುವ ಸರಾಸರಿ ಮಕ್ಕಳು, 1.7; ಬಿಹಾರದ್ದು 3.0, ಇಡೀ ದೇಶದ್ದು 2.0. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗಲು ಬೇಕಾದ ದರ ಸುಮಾರು 2.1. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಈ ಅಂಕಿ ನೋಡಿದವರು ‘ಹಾಗಾದರೆ ನಮ್ಮ ಜನಸಂಖ್ಯೆ ಇಳಿಯತೊಡಗಿತು’ ಎಂದುಬಿಡುತ್ತಾರೆ. ಇಳಿದಿಲ್ಲ. ಇಳಿಯಲು ಇನ್ನೂ ದಶಕಗಳೇ ಬೇಕು.

ಫಲವತ್ತತೆ ದರ ಲೆಕ್ಕ ಹಾಕುವ ಬಗೆ ನೋಡಿ. 15ರಿಂದ 49ರ ವಯಸ್ಸಿನ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡಿ, ಒಂದೊಂದು ಗುಂಪಿನಲ್ಲೂ ಸಾವಿರ ಹೆಂಗಸರಿಗೆ ಆ ವರ್ಷ ಎಷ್ಟು ಮಕ್ಕಳು ಹುಟ್ಟಿದರೆಂದು ಬರೆದುಕೊಳ್ಳಬೇಕು. 20, 140, 150, 70, 25, 5, 0 ಬಂತು ಎನ್ನಿ. ಕೂಡಿದರೆ 410. ಒಬ್ಬಾಕೆ ಪ್ರತಿ ಗುಂಪಿನಲ್ಲೂ ಐದು ವರ್ಷ ಇರುತ್ತಾಳಾದ್ದರಿಂದ ಐದರಿಂದ ಗುಣಿಸಿ, ಸಾವಿರದಿಂದ ಭಾಗಿಸಿ: 2.05. ಇದು ಯಾವ ತಾಯಿಯೂ ನಿಜವಾಗಿ ಹೆತ್ತ ಲೆಕ್ಕವಲ್ಲ, ಒಂದೇ ವರ್ಷದ ಏಳು ವಯೋಮಾನದವರನ್ನು ಪೋಣಿಸಿದ ಸರ. ಹೆರಿಗೆ ಮುಂದೂಡುವ ವರ್ಷಗಳಲ್ಲಿ ಅದು ವಿಪರೀತ ತಗ್ಗಿ ಕಾಣುತ್ತದೆ. ಮುಖ್ಯವಾಗಿ, ಹೆರುವ ವಯಸ್ಸಿನವರು ಒಟ್ಟು ಎಷ್ಟಿದ್ದಾರೆಂಬ ಸುಳಿವೇ ಅದರಲ್ಲಿಲ್ಲ.

ಒಂದೂರಲ್ಲಿ ಹಿರಿಯರು 100 ಜೋಡಿ, ತಲಾ ನಾಲ್ಕು ಮಕ್ಕಳು. ಕಿರಿಯರು 400, ಅಂದರೆ 200 ಜೋಡಿ. ಇವರು ಎರಡೆರಡೇ ಹೆತ್ತರೂ ಹುಟ್ಟುವವರು 400; ಅಷ್ಟರಲ್ಲಿ ತೀರಿಕೊಳ್ಳುವ ಹಿರಿಯರು 200. ಊರು ಬೆಳೆಯುತ್ತಲೇ ಇರುತ್ತದೆ. ದಕ್ಷಿಣ ಕೊರಿಯಾದಲ್ಲಿ ದರ 2.1ರ ಕೆಳಗಿಳಿದದ್ದು 1983ರಲ್ಲಿ, ಜನಸಂಖ್ಯೆ ಇಳಿಮುಖವಾದದ್ದು 2020ರ ನಂತರ. ಆಯುಸ್ಸು ಹೆಚ್ಚಿದ್ದೂ ಇದಕ್ಕೆ ಸೇರಿಕೊಂಡಿತು.

ಇನ್ನು ಆ 2.1 ಎಲ್ಲ ದೇಶಕ್ಕೂ ಒಂದೇ ಅಳತೆಯಲ್ಲ. 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುವುದರಿಂದ, ಕೆಲವು ಹೆಣ್ಣುಮಕ್ಕಳು ತಾಯಾಗುವ ಮೊದಲೇ ಸಾಯುವುದರಿಂದ ಎರಡರ ಮೇಲೆ ಆ ಚೂರು ಬೇಕು. ಶಿಶುಮರಣ ಹೆಚ್ಚಿರುವಲ್ಲಿ, ಹೆಣ್ಣು ಭ್ರೂಣ ತೆಗೆಸುವಲ್ಲಿ ಇನ್ನಷ್ಟು ಬೇಕು.

ಮರಣ ದರದಲ್ಲೂ ಇಂಥದೇ ಮೋಸ. ಸಾವಿರಕ್ಕೆ ವರ್ಷಕ್ಕೆ ಸಾಯುವವರು ಭಾರತದಲ್ಲಿ 6–7, ಜಪಾನಿನಲ್ಲಿ 12ಕ್ಕೂ ಹೆಚ್ಚು. ಹಾಗಂತ ಜಪಾನೀಯರು ಅಲ್ಪಾಯುಷಿಗಳೇ? ಅಲ್ಲಿ ಮುದುಕರು ಹೆಚ್ಚು, ಅಷ್ಟೆ. ದೇಶ ದೇಶ ಹೋಲಿಸುವಾಗ ವಯಸ್ಸಿನ ಹಂಚಿಕೆ ನೋಡದೆ ಈ ದರ ಮುಟ್ಟಲೇಬಾರದು.

ಆಫ್ರಿಕಾದ ನೈಜರ್‌ನಲ್ಲಿ ತಾಯಿಗೆ ಸರಾಸರಿ ಆರರಷ್ಟು ಮಕ್ಕಳು. ನಾಳೆಯೇ ಎರಡಕ್ಕಿಳಿದರೂ ಇಂದಿನ ಹುಡುಗಿಯರೆಲ್ಲ ತಾಯಂದಿರಾಗಿ ಮುಗಿಯುವವರೆಗೆ ಏರಿಕೆ ನಿಲ್ಲದು. ಕೊರಿಯಾದ ಪಾಡು ತಿರುಗುಮುರುಗು: 2023ರಲ್ಲಿ ದರ 0.72, ಹುಟ್ಟಿದವರು ಸುಮಾರು 2.3 ಲಕ್ಷ, ಸತ್ತವರು 3.5 ಲಕ್ಷ. ಅಲ್ಲಿ ದರ ದಿಢೀರನೆ 2.1ಕ್ಕೆ ಏರಿದರೂ ಹಳೆಯ ಸಂಖ್ಯೆ ಮರಳಿ ಬರುವುದಿಲ್ಲ. ಹೆರುವ ಹುಡುಗಿಯರೇ ಹುಟ್ಟಿಲ್ಲವಲ್ಲ.