ನದಿ ಹೋಯಿತು, ಗಡಿ ಉಳಿಯಿತು

ಆಸ್ಟ್ರಿಯಾಕ್ಕೂ ಸ್ವಿಟ್ಜರ್‌ಲೆಂಡಿಗೂ ನಡುವೆ ಗಡಿ ಯಾವುದು ಅಂತ ಕೇಳಿ ನೋಡಿ. ಭೂಗೋಳ ಓದಿದವರೆಲ್ಲ ಥಟ್ಟನೆ ರೈನ್ ನದಿ ಅನ್ನುತ್ತಾರೆ. ಪೂರ್ವಕ್ಕೆ ಆಸ್ಟ್ರಿಯಾ, ಪಶ್ಚಿಮಕ್ಕೆ ಸ್ವಿಟ್ಜರ್‌ಲೆಂಡ್. ಹಾಗಾದರೆ ಗೈಸಾವ್ ಎಂಬ ಹಳ್ಳಿಯನ್ನು ಏನು ಮಾಡೋಣ?

ಗೈಸಾವ್ ಇರುವುದು ಆಸ್ಟ್ರಿಯಾದ ಫೋರಾರ್ಲ್‌ಬೆರ್ಗ್ ರಾಜ್ಯದಲ್ಲಿ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಉತ್ತರಕ್ಕೆ ಬೋಡನ್ ಸರೋವರ, ಅಂದರೆ ಇಂಗ್ಲಿಷ್ ನಕ್ಷೆಗಳ ಕಾನ್‌ಸ್ಟನ್ಸ್ ಸರೋವರ. ಇನ್ನೊಂದು ಬದಿಯಲ್ಲಿ ಹರಿಯುವ ನೀರಿನಾಚೆ ಸ್ವಿಟ್ಜರ್‌ಲೆಂಡಿನ ರೈನೆಕ್ ಊರು. ಆದರೆ ರೈನ್ ನದಿ ಹರಿಯುವುದು ಹಳ್ಳಿಯ ಪೂರ್ವಕ್ಕೆ, ಕೆಲವು ಕಿಲೋಮೀಟರ್ ದೂರದಲ್ಲಿ. ಅಂದರೆ ಈ ಆಸ್ಟ್ರಿಯಾದ ಹಳ್ಳಿ ರೈನ್‌ನ ಸ್ವಿಸ್ ದಡದಲ್ಲಿದೆ! ಪಕ್ಕದ ಹೋಖ್‌ಸ್ಟ್ ಊರಿನ ಕತೆಯೂ ಇದೇ. ಇನ್ನು ಸ್ವಲ್ಪ ಮೇಲಕ್ಕೆ ಹೋದರೆ ಇದರ ತಿರುವುಮುರುವು: ಡೀಪೋಲ್ಡ್ಸಾವ್ ಎಂಬ ಸ್ವಿಸ್ ಹಳ್ಳಿ ಆಸ್ಟ್ರಿಯಾದ ದಡದಲ್ಲಿ ಕೂತಿದೆ.

ಹಾಗಿದ್ದರೆ ಗೈಸಾವ್ ಮತ್ತು ರೈನೆಕ್ ನಡುವೆ ಹರಿಯುವ ನೀರು ಯಾವುದು? ಅದು ಹಳೆಯ ರೈನ್. ನದಿ ಬಿಟ್ಟುಹೋದ ಪಾತ್ರ. ಕಣಿವೆಯ ಸ್ವಿಸ್ ಭಾಗದಲ್ಲಿ ಬಸಿದ ನೀರನ್ನು ಹೊತ್ತು ತರುವ ಒಂದು ಉದ್ದನೆಯ ಕಾಲುವೆ ಬಂದು ಈ ಪಾತ್ರಕ್ಕೆ ಸೇರುತ್ತದೆ. ಎರಡು ದೇಶಗಳನ್ನು ಇಲ್ಲಿ ಬೇರೆ ಮಾಡುತ್ತಿರುವುದು ಹೆಚ್ಚುಕಡಿಮೆ ಹೊಲಗದ್ದೆಗಳ ಬಸಿ ನೀರು.

ನದಿ ಅಂದರೆ ನಿಸರ್ಗವೇ ಎಳೆದ ಗಡಿ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಬಯಲಿಗೆ ಇಳಿದ ನದಿಯಷ್ಟು ಚಂಚಲವಾದ ಗೆರೆ ಇನ್ನೊಂದಿಲ್ಲ. ಅದಕ್ಕೆ ಕಾರಣ ನೀರಲ್ಲ, ನೀರು ಹೊತ್ತು ತರುವ ಕಲ್ಲು, ಮರಳು, ಹೂಳು. ಗೈಸಾವ್‌ನ ಇತಿಹಾಸವನ್ನು ರಾಜರಿಗಿಂತ ಜಾಸ್ತಿ ಬರೆದದ್ದು ಜಲ್ಲಿಕಲ್ಲು.

ಆಲ್ಪ್ಸ್‌ನಿಂದ ಇಳಿದು ಬರುವ ರೈನ್ ವರ್ಷಕ್ಕೆ ಸುಮಾರು 20ರಿಂದ 30 ಲಕ್ಷ ಘನ ಮೀಟರ್ ಕಲ್ಲು ಮಣ್ಣನ್ನು ಸರೋವರಕ್ಕೆ ತಂದು ಸುರಿಯುತ್ತದೆ. ಹಿಮಯುಗದ ಹಿಮನದಿ ಕರಗಿದಾಗ ಈ ಇಡೀ ಕಣಿವೆ ಸರೋವರದ್ದೇ ಒಂದು ತೋಳಾಗಿತ್ತು. ಅದನ್ನು ತುಂಬಿ ಬಯಲು ಮಾಡಿದ್ದು ಇದೇ ನದಿ. ಗೈಸಾವ್ ನಿಂತಿರುವ ನೆಲವೂ ಆ ಹೂಳೇ.

ಕಲ್ಲು ಯಾವಾಗ ಚಲಿಸುತ್ತದೆ, ಯಾವಾಗ ನಿಲ್ಲುತ್ತದೆ? ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ನದಿಯ ತಳವನ್ನು ನೀರು ಎಳೆಯುವ ಬಲ ಮುಖ್ಯವಾಗಿ ಎರಡು ಸಂಗತಿಗಳ ಗುಣಾಕಾರ: ನೀರಿನ ಆಳ ಮತ್ತು ಇಳಿಜಾರು. ನೀರು 4 ಮೀಟರ್ ಆಳವಿದೆ, ಕಿಲೋಮೀಟರಿಗೆ 1 ಮೀಟರ್ ಇಳಿಯುತ್ತಿದೆ ಅಂದುಕೊಳ್ಳಿ. ಆಗ ಒಂದು ಚದರ ಮೀಟರ್ ತಳದ ಮೇಲೆ ಬೀಳುವ ಎಳೆತ ಸುಮಾರು 4 ಕಿಲೋ ತೂಕದಷ್ಟು. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 5 ಸೆಂಟಿಮೀಟರ್ ಗಾತ್ರದ ಕಲ್ಲುಗಳನ್ನು ಉರುಳಿಸಲು ಅಷ್ಟು ಸಾಕು. ಇಳಿಜಾರು ಅರ್ಧಕ್ಕಿಳಿದರೆ ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳೆಲ್ಲ ಅಲ್ಲೇ ಕೂರುತ್ತವೆ. ಇಳಿಜಾರು ಉಳಿದು ಆಳ ಅರ್ಧವಾದರೂ ಅಷ್ಟೇ. ಹಾಗಾಗಿ ಕಣಿವೆಯ ಉದ್ದಕ್ಕೂ ನದಿ ತನ್ನ ಹೊರೆಯನ್ನು ಮೊರದಲ್ಲಿ ಕೇರಿದಂತೆ ಬೇರೆ ಮಾಡುತ್ತಾ ಹೋಗುತ್ತದೆ. ದಪ್ಪ ಕಲ್ಲು ಮೇಲೇ ಉಳಿಯುತ್ತದೆ, ಸಣ್ಣ ಜಲ್ಲಿ ಆಮೇಲೆ, ಮರಳು ಇನ್ನೂ ಆಮೇಲೆ. ನುಣುಪು ಹೂಳು ಸರೋವರದವರೆಗೂ ತಲುಪುತ್ತದೆ.

ಸರೋವರದ ಹತ್ತಿರ ನೆಲ ಚಪ್ಪಟೆ. ಕಲ್ಲು ಕೂತಂತೆ ತಳ ಮೇಲೇರುತ್ತದೆ. ತಳ ಏರಿದರೆ ನೀರು ದಡ ಮೀರುತ್ತದೆ. ಮನುಷ್ಯ ಇಲ್ಲದಿದ್ದರೆ ನದಿ ಪಕ್ಕದ ತಗ್ಗಿಗೆ ಹೊರಳಿ ಹೊಸ ದಾರಿ ಹಿಡಿಯುತ್ತದೆ, ಡೆಲ್ಟಾ ಬೆಳೆಯುವುದೇ ಹೀಗೆ. ಮನುಷ್ಯ ಇದ್ದರೆ ಒಡ್ಡು ಕಟ್ಟುತ್ತಾನೆ. ಗದ್ದೆಯ ಮೇಲೆ ಹರಡಬೇಕಿದ್ದ ಹೂಳು ಆಗ ಒಡ್ಡುಗಳ ನಡುವೆಯೇ ಬೀಳುತ್ತದೆ. ತಳ ಮತ್ತೆ ಏರುತ್ತದೆ. ಒಡ್ಡು ಇನ್ನೂ ಎತ್ತರ ಮಾಡಬೇಕು.

ಎರಡು ದಡ ಎರಡು ದೇಶದವರದ್ದಾದರೆ ಇದು ಪೈಪೋಟಿ. ಇಲ್ಲಿ ಸುಮ್ನೆ ಒಡ್ಡು ಎತ್ತರಿಸಿ ಕೂರಲಿಲ್ಲ. ಪ್ರವಾಹ ಎದುರು ದಡಕ್ಕೆ ಬಡಿಯುವ ಹಾಗೆ ನದಿಯೊಳಗೆ ಓರೆಯಾಗಿ ಕಲ್ಲುಗೋಡೆ ಚಾಚುತ್ತಿದ್ದರು. ಎದುರಿನವರೂ ಅದನ್ನೇ ಮಾಡುತ್ತಿದ್ದರು. ಲುಸ್ಟೆನಾವ್ ಮತ್ತು ಎದುರು ದಡದ ವಿಡ್ನಾವ್ 1593ರವರೆಗೂ ಒಂದೇ ಆಡಳಿತದ ಜೋಡಿ ಊರುಗಳಾಗಿದ್ದವು. ಇಂದು ಒಂದು ಆಸ್ಟ್ರಿಯಾ, ಇನ್ನೊಂದು ಸ್ವಿಟ್ಜರ್‌ಲೆಂಡ್.

19ನೇ ಶತಮಾನದಲ್ಲಿ 1817, 1868, 1888, 1890, ಹೀಗೆ ಒಂದರ ಹಿಂದೆ ಒಂದು ದೊಡ್ಡ ನೆರೆ ಬಂತು. ಪರಿಹಾರ ಏನು ಅಂತ ಎಂಜಿನಿಯರುಗಳಿಗೆ ಬಹಳ ಮೊದಲೇ ಗೊತ್ತಿತ್ತು. ಮುಂದೆ ಸೂಯೆಜ್ ಕಾಲುವೆಗೆ ನಕ್ಷೆ ಹಾಕಿದ ಆಲೋಯಿಸ್ ನೆಗ್ರೆಲ್ಲಿ ಕೂಡ 1820–30ರ ದಶಕಗಳಲ್ಲಿ ಈ ರೈನ್ ದಡದಲ್ಲಿ ಕೆಲಸ ಮಾಡಿದವನೇ. ಪರಿಹಾರ ಸರಳ: ನದಿಯ ಕೊನೆಯ ತಿರುವುಗಳನ್ನು ಕತ್ತರಿಸಿ ನೇರವಾಗಿ ಸರೋವರಕ್ಕೆ ಬಿಡುವುದು. ಅದು ಯಾರ ನೆಲದಲ್ಲಿ, ಯಾರ ದುಡ್ಡಿನಲ್ಲಿ ಎಂಬ ಜಗಳ ಮುಗಿಯಲು ದಶಕಗಳೇ ಹಿಡಿದವು. ಕೊನೆಗೆ 1892ರ ಡಿಸೆಂಬರ್ 30ರಂದು ಎರಡು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು.

1900ರ ಮೇ ತಿಂಗಳಲ್ಲಿ ಫುಸಾಖ್ ಊರಿನ ಪಕ್ಕ ತೋಡಿದ ಹೊಸ ಪಾತ್ರಕ್ಕೆ ರೈನ್ ಇಳಿಯಿತು. ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಹಳೆಯ ದಾರಿ ರೈನೆಕ್ ಮತ್ತು ಗೈಸಾವ್ ಸುತ್ತಿ ಹೋಗುತ್ತಿತ್ತು, ಸುಮಾರು 12 ಕಿಲೋಮೀಟರ್. ಹೊಸ ದಾರಿ ಸುಮಾರು 5. ಮೇಲಿನ ತುದಿಯ ಎತ್ತರ ಅದೇ, ಸರೋವರದ ಮಟ್ಟವೂ ಅದೇ. ಅಷ್ಟೇ ಇಳಿತ ಅರ್ಧಕ್ಕಿಂತ ಕಡಿಮೆ ದೂರದಲ್ಲಿ ಆದರೆ ಇಳಿಜಾರು ಎರಡು ಪಟ್ಟು ಮೀರುತ್ತದೆ. ಕೂತಿದ್ದ ಜಲ್ಲಿ ಎದ್ದು ಹೊರಟಿತು. ನೇರ ಮಾಡಿದರೆ ನೀರು ಬೇಗ ಹೋಗುತ್ತದೆ ಅಂತಷ್ಟೇ ಜನ ಹೇಳುತ್ತಾರೆ. ಇಲ್ಲಿ ಮುಖ್ಯವಾದದ್ದು ಕಲ್ಲು ಹೋಗುವುದು.

1923ರಲ್ಲಿ ಡೀಪೋಲ್ಡ್ಸಾವ್ ಬಳಿ ಎರಡನೇ ಕಡಿತವೂ ಆಯಿತು. ಅಲ್ಲಿ ಲೆಕ್ಕ ಸ್ವಲ್ಪ ತಪ್ಪಿತು. ಪಾತ್ರ ಜಾಸ್ತಿ ಅಗಲವಾಯಿತು. ಅಗಲವಾದರೆ ಆಳ ಕಡಿಮೆ, ಆಳ ಕಡಿಮೆಯಾದರೆ ಎಳೆತವೂ ಕಡಿಮೆ. ಜಲ್ಲಿ ಮತ್ತೆ ಕೂರತೊಡಗಿತು. 1954ರಲ್ಲಿ ಇನ್ನೊಂದು ಒಪ್ಪಂದ ಮಾಡಿಕೊಂಡು ನಡುವಿನ ಪಾತ್ರವನ್ನು ಕಿರಿದು ಮಾಡಬೇಕಾಯಿತು.

ಇಷ್ಟೆಲ್ಲ ಆದರೂ ಗಡಿಯನ್ನು ಯಾರೂ ಮುಟ್ಟಲಿಲ್ಲ. ರೋಮನ್ನರ ಕಾಲದಿಂದ ಬಂದ ಒಂದು ನಿಯಮವಿದೆ. ನದಿ ನಿಧಾನವಾಗಿ, ಕಣ ಕಣವಾಗಿ ಸರಿದರೆ ಗಡಿಯೂ ಅದರ ಜೊತೆ ಸರಿಯುತ್ತದೆ. ಒಮ್ಮೆಲೇ ಹಾರಿ ಬೇರೆ ದಾರಿ ಹಿಡಿದರೆ ಗಡಿ ಹಳೆಯ ಪಾತ್ರದಲ್ಲೇ ನಿಲ್ಲುತ್ತದೆ. ಇಲ್ಲಿ ನದಿಯನ್ನು ಹಾರಿಸಿದ್ದು ಮನುಷ್ಯರೇ, ಆದರೂ ಫಲ ಅದೇ ಆಯಿತು. ಗೈಸಾವ್ ಆಸ್ಟ್ರಿಯಾದಲ್ಲೇ ಉಳಿಯಿತು, ತನ್ನ ನದಿಯನ್ನು ಮಾತ್ರ ಕಳೆದುಕೊಂಡಿತು.

ಹಳ್ಳಿಯವರಿಗೆ ಆಸ್ಟ್ರಿಯಾದಲ್ಲೇ ಉಳಿಯುವ ಮನಸ್ಸಿತ್ತೇ ಎಂಬುದು ಬೇರೆ ಪ್ರಶ್ನೆ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಕುಸಿದ ಮೇಲೆ, 1919ರ ಮೇ 11ರಂದು ಫೋರಾರ್ಲ್‌ಬೆರ್ಗ್ ಜನ ಮತ ಹಾಕಿದರು. ಸ್ವಿಟ್ಜರ್‌ಲೆಂಡ್ ಸೇರುವ ಮಾತುಕತೆ ಆರಂಭಿಸಿ ಅಂತ ನೂರಕ್ಕೆ 80ರಷ್ಟು ಜನ ಹೇಳಿದರು. ಸ್ವಿಟ್ಜರ್‌ಲೆಂಡಿಗೆ ಅಷ್ಟು ಆಸಕ್ತಿ ಇರಲಿಲ್ಲ, ಗೆದ್ದ ದೇಶಗಳಿಗೂ ಇಷ್ಟವಿರಲಿಲ್ಲ. ವಿಯೆನ್ನಾ ಜೊತೆಗಿನ ಮುನಿಸು ಆಮೇಲೂ ಆಗಾಗ ಹೊರಬಂತು. 1964ರಲ್ಲಿ ಸರೋವರದ ಹೊಸ ಹಡಗಿಗೆ ಮಾಜಿ ರಾಷ್ಟ್ರಾಧ್ಯಕ್ಷ ಕಾರ್ಲ್ ರೆನರ್ ಹೆಸರಿಡಲು ಸಚಿವರು ಹೊರಟಾಗ, ಫುಸಾಖ್‌ನಲ್ಲಿ ಸಾವಿರಾರು ಜನ ಸೇರಿ ಸಮಾರಂಭವನ್ನೇ ಕೆಡಿಸಿದರು. ಹಡಗಿಗೆ ಕೊನೆಗೆ ಫೋರಾರ್ಲ್‌ಬೆರ್ಗ್ ಅಂತಲೇ ಹೆಸರಾಯಿತು.

ನದಿಯನ್ನು ಸರಿಸಿದ್ದರ ಒಂದು ಪರಿಣಾಮವನ್ನು ಯಾವ ಎಂಜಿನಿಯರೂ ಊಹಿಸಿರಲಿಲ್ಲ. 1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದರು. ಯಹೂದಿಗಳು ಸ್ವಿಟ್ಜರ್‌ಲೆಂಡಿನತ್ತ ಓಡಿದರು. ಆಗಸ್ಟ್‌ನಲ್ಲಿ ಸ್ವಿಸ್ ಸರ್ಕಾರ ಬಾಗಿಲು ಹಾಕಿತು. ಹೊಸ ರೈನ್ ರಭಸದ ಆಳದ ನದಿ. ಗಡಿ ಅದರಲ್ಲೇ ಇದ್ದಿದ್ದರೆ ದಾಟುವುದು ಕಷ್ಟವಾಗುತ್ತಿತ್ತು. ಆದರೆ ಆಸ್ಟ್ರಿಯಾದ ಹೋಹೆನೆಮ್ಸ್ ಮತ್ತು ಡೀಪೋಲ್ಡ್ಸಾವ್ ನಡುವೆ ಗಡಿ ಇದ್ದದ್ದು 15 ವರ್ಷ ಹಿಂದೆ ನದಿ ಬಿಟ್ಟುಹೋದ ಹಳೆಯ ಪಾತ್ರದಲ್ಲಿ. ನೀರು ಹೆಚ್ಚುಕಡಿಮೆ ನಿಂತೇ ಇತ್ತು. ಕೆಲವು ಕಡೆ ನಡೆದೇ ದಾಟಬಹುದಿತ್ತು. ರಾತ್ರಿ ಹೊತ್ತು ಜನ ಹಾಗೇ ದಾಟಿದರು.

ಸೇಂಟ್ ಗಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ ಪೌಲ್ ಗ್ರೂನಿಂಗರ್ ಬಂದವರನ್ನು ಹಿಂದಕ್ಕೆ ಅಟ್ಟಲಿಲ್ಲ. ಗಡಿ ಮುಚ್ಚುವ ಮೊದಲೇ ಬಂದವರು ಅನ್ನುವಂತೆ ಕಾಗದದಲ್ಲಿ ಹಿಂದಿನ ತಾರೀಖು ಹಾಕಿಸಿ ನೂರಾರು ಜನರನ್ನು ಉಳಿಸಿದರು. 1939ರಲ್ಲಿ ಕೆಲಸ ಹೋಯಿತು, 1940ರಲ್ಲಿ ಶಿಕ್ಷೆಯಾಯಿತು. 1972ರಲ್ಲಿ ಬಡತನದಲ್ಲೇ ತೀರಿಕೊಂಡರು. ನ್ಯಾಯಾಲಯ ಅವರನ್ನು ನಿರ್ದೋಷಿ ಎಂದದ್ದು 1995ರಲ್ಲಿ. ಈಗ ಆ ಎರಡು ಊರುಗಳ ನಡುವಿನ ಸೇತುವೆಗೆ ಅವರ ಹೆಸರಿದೆ.

ಮತ್ತೆ ಹೂಳಿಗೆ ಬರೋಣ. ಸರೋವರ ತಲುಪಿದ ಮೇಲೂ ಅದರ ಕತೆ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ರೈನ್ ನೀರು ಹಿಮ ಕರಗಿದ ನೀರು. ಸರೋವರದ ಮೇಲ್ಮೈ ನೀರಿಗಿಂತ ತಂಪು, ಮೇಲಾಗಿ ಮಣ್ಣು ಬೆರೆತದ್ದು. ಹಾಗಾಗಿ ಹೆಚ್ಚು ತೂಕ. ಅದು ಸರೋವರದ ನೀರಿನಲ್ಲಿ ಕಲೆಯದೆ ಒಮ್ಮೆಲೇ ಕೆಳಗೆ ಮುಳುಗುತ್ತದೆ. ದೊಡ್ಡ ನೆರೆ ಬಂದಾಗ ಹೂಳು ತುಂಬಿದ ಆ ನೀರು ತಳದಲ್ಲಿ ಇನ್ನೊಂದು ನದಿಯಾಗಿ ಹರಿಯುತ್ತದೆ. ಹಳೆಯ ರೈನ್ ಬಾಯಿಯ ಮುಂದೆ, ಗೈಸಾವ್‌ನ ಆಚೆಗೆ, ಸರೋವರದ ತಳದಲ್ಲಿ ಕೊರೆದ ಕಣಿವೆಯೇ ಇದೆ. ಎರಡೂ ಬದಿಗೆ ಹೂಳಿನ ದಿಬ್ಬಗಳಿವೆ. ಸರೋವರ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಸ್ವಿಸ್ ವಿಜ್ಞಾನಿ ಫ್ರಾನ್ಸ್ವಾ ಫೊರೆಲ್ 1885ರಲ್ಲಿ ಇಂಥ ಮುಳುಗಿದ ಕಣಿವೆಗಳ ಬಗ್ಗೆ ಬರೆದ. 1900ರ ನಂತರ ಈ ಕಣಿವೆಗೆ ರೈನ್‌ನ ಹೂಳು ಬರುವುದು ನಿಂತಿತು.

ಹೊಸ ಬಾಯಿಯ ಬಳಿ ಬೇರೆ ಸಮಸ್ಯೆ. ಫುಸಾಖ್ ಮತ್ತು ಹಾರ್ಡ್ ಊರುಗಳ ಮುಂದಿನ ಕೊಲ್ಲಿ ಹೂಳಿನಿಂದ ತುಂಬತೊಡಗಿತು. ಹಾಗಾಗಿ ನದಿಯ ಎರಡು ಒಡ್ಡುಗಳನ್ನು ಸರೋವರದೊಳಕ್ಕೆ ಸುಮಾರು 5 ಕಿಲೋಮೀಟರ್ ಎಳೆದುಕೊಂಡು ಹೋದರು. ಹೂಳನ್ನು ಆಳದ ನೀರಿಗೇ ಕೊಂಡೊಯ್ದು ಸುರಿಯುವ ಉಪಾಯ. ಸರೋವರದಲ್ಲಿ ಒಟ್ಟು 48 ಘನ ಕಿಲೋಮೀಟರ್ ನೀರಿದೆ. ವರ್ಷಕ್ಕೆ 30 ಲಕ್ಷ ಘನ ಮೀಟರ್‌ನಂತೆ ತುಂಬಿದರೂ ಇನ್ನೂ 16,000 ವರ್ಷ ಬೇಕು. ಆತುರವೇನಿಲ್ಲ!

ಇನ್ನೊಂದು ತಮಾಷೆ. ಹಳೆಯ ರೈನ್ ಹಿಡಿದು ಬರುವ ಗಡಿ ಗೈಸಾವ್‌ನ ತುದಿಯಲ್ಲಿ ಸರೋವರ ಮುಟ್ಟುತ್ತದಲ್ಲ, ಅಲ್ಲಿಂದ ಮುಂದೆ ಎಲ್ಲಿ ಹೋಗುತ್ತದೆ? ಅದಕ್ಕೆ ಒಪ್ಪಿದ ಉತ್ತರವೇ ಇಲ್ಲ. ನಡುಗೆರೆಯೇ ಗಡಿ ಅನ್ನುತ್ತದೆ ಸ್ವಿಟ್ಜರ್‌ಲೆಂಡ್. ದಡದಿಂದ 25 ಮೀಟರ್ ಆಳದವರೆಗೆ ಆಯಾ ದೇಶದ್ದು, ಅದರಾಚೆ ಎಲ್ಲರಿಗೂ ಸೇರಿದ್ದು ಅನ್ನುತ್ತದೆ ಆಸ್ಟ್ರಿಯಾ. ಇದನ್ನು ಇತ್ಯರ್ಥ ಮಾಡುವ ಒಪ್ಪಂದ ಇವತ್ತಿಗೂ ಆಗಿಲ್ಲ. ಮೀನು ಹಿಡಿಯುವುದು, ಹಡಗು ಓಡಿಸುವುದು ಮಾತ್ರ ಬೇರೆ ಬೇರೆ ಒಪ್ಪಂದಗಳ ಮೇಲೆ ಆರಾಮಾಗಿ ನಡೆದಿದೆ.

ಈಗಿನ ಚರ್ಚೆ ಇನ್ನೊಂದು ನೆರೆಯದು. ಈಗಿನ ಒಡ್ಡುಗಳು ತಡೆಯಬಲ್ಲದ್ದು ಸೆಕೆಂಡಿಗೆ 3,100 ಘನ ಮೀಟರ್ ನೀರನ್ನು. ಅದನ್ನು 4,300ಕ್ಕೆ ಏರಿಸುವ ಯೋಜನೆಯ ಹೆಸರು ರೇಸಿ. ಇಲ್ ನದಿ ಸೇರುವ ಜಾಗದಿಂದ ಸರೋವರದವರೆಗೆ, 26 ಕಿಲೋಮೀಟರ್. ಅದಕ್ಕೆ 2024ರಲ್ಲಿ ಎರಡು ದೇಶಗಳು ಮತ್ತೆ ಸಹಿ ಹಾಕಿವೆ. ಈ ಸಲ ನದಿಯನ್ನು ಕಿರಿದು ಮಾಡುವ ಬದಲು ಒಡ್ಡುಗಳ ನಡುವೆಯೇ ಅಗಲ ಮಾಡಲಿದ್ದಾರೆ. ಅಗಲವಾದ ಕಡೆ ಜಲ್ಲಿ ಕೂರುತ್ತದೆ. ಈ ಸಲ ಅದನ್ನೂ ಲೆಕ್ಕದಲ್ಲಿ ಇಟ್ಟುಕೊಂಡೇ ನಕ್ಷೆ ಹಾಕಬೇಕು. ಒಡ್ಡುಗಳ ನಡುವಿನ ಹುಲ್ಲುಗಾವಲು ಬಳಸುವ ರೈತರನ್ನು ಒಪ್ಪಿಸಬೇಕು, ಅಲ್ಲೇ ಇರುವ ಕುಡಿಯುವ ನೀರಿನ ಬಾವಿಗಳಿಗೆ ಬೇರೆ ವ್ಯವಸ್ಥೆ ಮಾಡಬೇಕು. ಕೆಲಸಕ್ಕೆ ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ ಎಂಬ ಅಂದಾಜಿದೆ.