ಸಾಲಿನ ಮೊದಲ ಖಾಲಿ ಜಾಗ

ಶಿರಸಿ ಪೇಟೆಗೆ ಅಡಿಕೆ ಹಾಕಿ ಬಂದ ದಿನ ನಮ್ಮ ಭಾವ ಫೋನಿನಲ್ಲಿ ಹೀಗೆ ಬರೆದಿಡುತ್ತಾರೆ:

ಮಾಲು: ಚಾಲಿ
ಚೀಲ: 6
ಷರಾ: ಎರಡು ಚೀಲದಲ್ಲಿ ಕೋಕಾ ಜಾಸ್ತಿ.
    ಮುಂದಿನ ಸಲ: ಆರಿಸಿಯೇ ಕಳಿಸಬೇಕು.

(ಚಾಲಿ ಒಣಗಿಸಿ ಸುಲಿದ ಅಡಿಕೆ, ಕೋಕಾ ಅದರಲ್ಲಿ ಕೆಳದರ್ಜೆಯದು.) ಇದನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಓದಿಸಲು ಹೊರಟವರು ಪ್ರತಿ ಸಾಲನ್ನೂ ಕೋಲನ್ ಇದ್ದಲ್ಲಿ ಕತ್ತರಿಸುತ್ತಾರೆ. ಆಗ ‘ಮುಂದಿನ ಸಲ’ ಎಂಬ ಹೊಸ ಬಾಬ್ತು ಹುಟ್ಟಿಕೊಂಡು ಷರಾ ಅರ್ಧಕ್ಕೇ ನಿಲ್ಲುತ್ತದೆ. ಒಂದು ಸಾಲೆಂದರೆ ಒಂದು ಮಾಹಿತಿ ಎಂಬ ನಂಬಿಕೆಯೇ ತಪ್ಪು. ಅದನ್ನು ಸರಿಪಡಿಸಲು ಅಕ್ಷರಗಳ ಮಾದರಿ ಹುಡುಕುವ ಮಾರುದ್ದದ ರೆಗ್ಯುಲರ್ ಎಕ್ಸ್‌ಪ್ರೆಶನ್ ಹೆಣೆಯುವುದನ್ನು ಕಂಡರೆ ನನಗೆ ಸಂಕಟ. ಕೊನೆಯ ಸಾಲಿನ ಮೊದಲಿಗಿರುವ ಖಾಲಿ ಜಾಗವೇ ಎಲ್ಲ ಹೇಳುತ್ತಿದೆಯಲ್ಲ!

‘ಡಿ’ಯ ಗುಡಿಸನ್ನು ನೋಡಿ. ಅದಕ್ಕೆ ಸ್ವಂತ ಬದುಕಿಲ್ಲ. ಯೂನಿಕೋಡ್‌ನಲ್ಲಿ ಬೇರೆಯೇ ಸಂಕೇತವಾಗಿದ್ದರೂ ಹಿಂದಿನ ‘ಡ’ಕ್ಕೆ ಅಂಟಿಯೇ ಓದಿಸಿಕೊಳ್ಳುತ್ತದೆ. ಒಳಸರಿದ ಸಾಲೂ ಹಾಗೇ. ಇಲ್ಲವೇ ತಾಳಮದ್ದಳೆ ನೆನೆಸಿಕೊಳ್ಳಿ: ಭಾಗವತರು ಮುಂದಿನ ಪದ (ಹಾಡು) ಎತ್ತುವವರೆಗೆ ಅರ್ಥಧಾರಿ ಎಷ್ಟು ಹೊತ್ತು ಮಾತಾಡಿದರೂ ಅದು ಹಿಂದಿನ ಪದದ ಅರ್ಥವೇ. ಪ್ರೋಗ್ರಾಮಿಗೂ ಬೇಕಿರುವುದು ಇಷ್ಟೇ ನೆನಪು, ಈಗ ಯಾವ ಪದ ನಡೆಯುತ್ತಿದೆ ಎಂಬುದು. ಸಾಲು ಖಾಲಿ ಜಾಗದಿಂದ ಶುರುವಾದರೆ ಹಿಂದಿನದಕ್ಕೆ ಸೇರಿಸು. ಇಲ್ಲದಿದ್ದರೆ ಮೊದಲ ಕೋಲನ್‌ನಲ್ಲಿ ಮಾತ್ರ ಕತ್ತರಿಸು. ಪೈಥಾನ್‌ನ ಪಾರ್ಟಿಶನ್ ಎಂಬ ಆಜ್ಞೆ ಮಾಡುವುದು ಇದನ್ನೇ, ಹಾಗಾಗಿ ‘ಸಮಯ: 10:30’ ಒಡೆಯುವುದಿಲ್ಲ. ಆದರೆ ಸಾಲು ಕೈಗೆ ಬಂದೊಡನೆ ಅಭ್ಯಾಸಬಲದಿಂದ ಸ್ಟ್ರಿಪ್ (ಅಂಚಿನ ಖಾಲಿ ಜಾಗ ತೆಗೆಯುವುದು) ಮಾಡಬೇಡಿ. ಇದ್ದ ಒಂದೇ ಗುರುತೂ ಅಳಿಸಿಹೋಗುತ್ತದೆ.

ಈ ಉಪಾಯ ಹಳೆಯದು. 1982ರ ಇಂಟರ್ನೆಟ್ ನಿಯಮಪತ್ರ ಆರ್‌ಎಫ್‌ಸಿ 822 ಇಮೇಲ್ ಹೆಡರುಗಳಿಗೆ (ಯಾರಿಂದ, ಯಾರಿಗೆ ಎಂದು ತಿಳಿಸುವ ಮೇಲಿನ ಸಾಲುಗಳಿಗೆ) ಇದೇ ನಿಯಮ ಹಾಕಿತ್ತು: ಸ್ಪೇಸ್ ಅಥವಾ ಟ್ಯಾಬ್‌ನಿಂದ ಶುರುವಾದ ಸಾಲು ಹಿಂದಿನದರ ಮುಂದುವರಿಕೆ. ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ (ತಂತ್ರಾಂಶದ ಕಟ್ಟು) ವಿವರಗಳಲ್ಲೂ ಹಾಗೆಯೇ. ಅಲ್ಲಿ ಖಾಲಿ ಸಾಲು ಬಂದರೆ ಒಂದು ಪ್ಯಾಕೇಜಿನ ಮಾತು ಮುಗಿಯಿತೆಂದರ್ಥ. ಹಾಗಾದರೆ ವಿವರಣೆಯ ನಡುವೆಯೇ ಖಾಲಿ ಸಾಲು ಬೇಕಾದರೆ? ಒಂದು ಸ್ಪೇಸ್ ಬಿಟ್ಟು ಒಂದು ಚುಕ್ಕಿ ಇಡುತ್ತಾರೆ. ಎಷ್ಟು ಚಂದದ ಯೋಚನೆ! ವೆಬ್‌ನ ಎಚ್‌ಟಿಟಿಪಿ ಎಂಬ ಸಂವಹನ ನಿಯಮ ಮಾತ್ರ 2014ರಲ್ಲಿ ಹೆಡರುಗಳನ್ನು ಹೀಗೆ ಮಡಚುವುದನ್ನು ಕೈಬಿಟ್ಟಿತು.

ತಾಳಮದ್ದಳೆಯ ಕೊನೆಯ ಪದಕ್ಕೆ ಬನ್ನಿ. ಅದರ ನಂತರ ಭಾಗವತರು ಇನ್ನೊಂದು ಪದ ಎತ್ತುವುದಿಲ್ಲ. ಹೊಸ ಹೆಸರು ಬಂದಾಗಷ್ಟೇ ಹಳೆಯದನ್ನು ದಾಖಲಿಸುವ ಪ್ರೋಗ್ರಾಮು ಅಲ್ಲಿ ಕಾಯುತ್ತಲೇ ಉಳಿದು, ಕಡತದ ಕೊನೆಯ ಬಾಬ್ತನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ಸಾಲು ಓದುವ ಲೂಪ್ ಮುಗಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಇನ್ನೊಮ್ಮೆ ದಾಖಲಿಸಬೇಕು. ಭಾವನ ಕಡತದಲ್ಲಿ ಕೊನೆಗಿರುವುದು ಷರಾವೇ.