ಸಿಪಿಯುಫ್ರೀಕ್ ಡ್ರೈವರ್ ಬೂಟಲ್ಲಿ ಏಳ್ತಿಲ್ವಾ? ಇನಿಟ್ ಬಗ್ಗೆ ನೋಟ್ಸ್

ಸಿಪಿಯುಫ್ರೀಕ್ ಅಂದ್ರೆ ಸಿಪಿಯು ಸ್ಪೀಡ್ ಏರಿಸಿ ಇಳಿಸೋ ಲಿನಕ್ಸ್ ಕರ್ನಲ್ ಭಾಗ. ಡ್ರೈವರ್ ಕಂಪೈಲ್ ಆಗಿದೆ, ಕಾನ್ಫಿಗ್ ಆನ್ ಇದೆ, ಆದ್ರೂ ಸಿಸ್‌ಎಫ್‌ಎಸ್‌ನ ಸಿಪಿಯುಫ್ರೀಕ್ ಫೋಲ್ಡರಲ್ಲಿ ಪಾಲಿಸಿ0 ಕಾಣ್ಸೋದೇ ಇಲ್ಲ (ಪಾಲಿಸಿ ಅಂದ್ರೆ ಒಟ್ಟಿಗೆ ಸ್ಪೀಡ್ ಬದಲಾಗೋ ಸಿಪಿಯುಗಳ ಗುಂಪಿನ ಸೆಟ್ಟಿಂಗ್). ಲಿನಕ್ಸ್ ಕರ್ನಲ್ ಕಲಿಯೋರಿಗೆ ಇದು ಬೇಗ ಎದುರಾಗೋ ತಲೆನೋವು, ಎಲ್ರೂ ಮೊದ್ಲು ಫ್ರೀಕ್ವೆನ್ಸಿ ಟೇಬಲ್ ಮೇಲೆ ಡೌಟ್ ಪಡ್ತಾರೆ, ನನ್ನ ಪ್ರಕಾರ ಮೊದ್ಲು ನೋಡ್ಬೇಕಾದ್ದು ಕ್ಲಾಕು (ಸ್ಪೀಡ್ ಕೊಡೋದು), ರೆಗ್ಯುಲೇಟರು (ವೋಲ್ಟೇಜ್ ಕೊಡೋದು) ಎಲ್ಲಿ ಕೇಳ್ತಿದೀವಿ ಅನ್ನೋದು.

ಡ್ರೈವರ್ ರಿಜಿಸ್ಟರ್ ಮಾಡಿದ ತಕ್ಷಣ ಸಿಪಿಯುಫ್ರೀಕ್‌ನ ಕೋರ್ ಕೋಡು ಒಂದಷ್ಟು ಚೆಕ್ ಮಾಡತ್ತೆ. ಡ್ರೈವರಲ್ಲಿ ಇನಿಟ್ (ಪಾಲಿಸಿ ರೆಡಿ ಮಾಡೋ ಫಂಕ್ಷನ್), ವೆರಿಫೈ (ಸ್ಪೀಡ್ ಲಿಮಿಟ್ ಸರಿಯಿದೆಯಾ ನೋಡೋದು) ಇರ್ಬೇಕು, ಜೊತೆಗೆ ಸ್ಪೀಡ್ ಬದಲಾಯಿಸೋಕೆ ಸೆಟ್‌ಪಾಲಿಸಿನೋ ಟಾರ್ಗೆಟ್ಟೋ ಇರ್ಬೇಕು. ಬೇರೆ ಡ್ರೈವರ್ ಆಗ್ಲೇ ಕೂತಿದ್ರೆ ಇಎಕ್ಸಿಸ್ಟ್ (ಆಗ್ಲೇ ಇದೆ) ಅನ್ನೋ ಎರರ್ ಕೊಟ್ಟು ವಾಪಸ್ ಕಳಿಸತ್ತೆ, ಒಂದ್ಸಲಕ್ಕೆ ಒಂದೇ ಡ್ರೈವರ್ರು. ಇದೆಲ್ಲ ಈಸಿ.

ಅಸಲಿ ಕಥೆ ಆಮೇಲೆ. ಕೋರ್ ಕೋಡು ಒಂದೊಂದೇ ಸಿಪಿಯು ಹಿಡ್ಕೊಂಡು ನಮ್ಮ ಇನಿಟ್ ಕರೀತಾ ಹೋಗತ್ತೆ, ಇನಿಟ್ ಒಳಗೆ ನಾವು ರೆಗ್ಯುಲೇಟರ್ ಕೇಳಿದ್ವಿ ಅನ್ಕೊಳ್ಳಿ, ಅದರ ಡ್ರೈವರ್ ಇನ್ನೂ ಬಂದಿಲ್ಲ ಅಂದ್ರೆ ಪ್ರೋಬ್ ಡಿಫರ್ (ಆಮೇಲೆ ಮತ್ತೆ ಟ್ರೈ ಮಾಡು ಅನ್ನೋ ಎರರ್), ಅಂದ್ರೆ ಮೈನಸ್ 517 ಸಿಗತ್ತೆ, ನಾವದನ್ನ ನಿಯತ್ತಾಗಿ ರಿಟರ್ನ್ ಮಾಡ್ತೀವಿ, ಆದ್ರೆ ಅದು ಅಲ್ಲೇ ಮಧ್ಯದಲ್ಲಿ ಕಳೆದುಹೋಗತ್ತೆ! ಕೊನೆಗೆ ಒಂದು ಪಾಲಿಸಿನೂ ಹುಟ್ಟಿಲ್ಲ ಅಂತ ಕೋರ್ ಕೋಡು ಕೊಡೋದು ಎನೋಡೆವ್ (ಡಿವೈಸ್ ಇಲ್ಲ), ಮೈನಸ್ 19. ಅದನ್ನ ನೋಡಿ ಯಾರೂ ಮತ್ತೆ ಟ್ರೈ ಮಾಡಲ್ಲ, ಯಾಕಂದ್ರೆ ಡಿವೈಸ್ ಪ್ರೋಬ್‌ನಿಂದ (ಡಿವೈಸಿಗೆ ಡ್ರೈವರ್ ಜೋಡಿಸುವಾಗ ಕರ್ನಲ್ ಕರೆಯೋ ಫಂಕ್ಷನ್) 517 ಬಂದ್ರೆ ಮಾತ್ರ ಕರ್ನಲ್ ಆಮೇಲೆ ಮತ್ತೆ ಕರಿಯೋದು. ಬರೀ ಮಾಡ್ಯೂಲ್ ಇನಿಟ್‌ನಿಂದ 517 ಕೊಟ್ರೂ ವೇಸ್ಟ್.

ಸೋ ಫಿಕ್ಸ್ ಏನಪ್ಪಾ ಅಂದ್ರೆ, ಪ್ಲಾಟ್‌ಫಾರ್ಮ್ ಡ್ರೈವರ್ ಮಾಡ್ಕೊಂಡು ಕ್ಲಾಕ್, ರೆಗ್ಯುಲೇಟರ್ ಎಲ್ಲಾ ರೆಡಿ ಇದೆಯಾ ಅಂತ ಪ್ರೋಬಲ್ಲೇ ನೋಡಿ, ಇಲ್ಲಾಂದ್ರೆ ಅಲ್ಲಿಂದಾನೇ 517 ಕೊಡಿ, ಇದ್ರೆ ಮಾತ್ರ ರಿಜಿಸ್ಟರ್ ಕರೀರಿ. ಡಿಬಗ್‌ಎಫ್‌ಎಸ್‌ನಲ್ಲಿ ಡಿವೈಸಸ್_ಡಿಫರ್ಡ್ ಅಂತ ಫೈಲ್ ಇದೆ, ಯಾವ ಡಿವೈಸ್ ಇನ್ನೂ ಕಾಯ್ತಿದೆ ಅಂತ ಅದ್ರಲ್ಲಿ ಗೊತ್ತಾಗತ್ತೆ.

ಇನ್ನೊಂದು, ಯೂನಿಟ್ಟು. ಕ್ಲಾಕ್ ಕೊಡೋದು ಹರ್ಟ್ಸ್‌ನಲ್ಲಿ, ಪಾಲಿಸಿ ಟೇಬಲ್ ಕಿಲೋಹರ್ಟ್ಸ್‌ನಲ್ಲಿ, ಟ್ರಾನ್ಸಿಶನ್ ಲೇಟೆನ್ಸಿ (ಸ್ಪೀಡ್ ಬದಲಾಗೋಕೆ ಹಿಡಿಯೋ ಟೈಮ್) ನ್ಯಾನೋಸೆಕೆಂಡಲ್ಲಿ (ಯಾರು ಡಿಸೈನ್ ಮಾಡಿದ್ರೋ). ಕ್ಲಾಕ್ ಕೊಟ್ಟ ನಂಬರನ್ನ 1000ರಿಂದ ಭಾಗಿಸೋದು ಮರೆತ್ರೆ ನಂಬರ್ ಎಲ್ಲೋ ಹೋಗತ್ತೆ. ಹಾಗೇನೇ ಒಂದೇ ಕ್ಲಾಕ್ ಹಂಚ್ಕೊಂಡಿರೋ ಸಿಪಿಯು ಕೋರ್‌ಗಳನ್ನೆಲ್ಲ ಪಾಲಿಸಿಯ ಸಿಪಿಯುಸ್ ಮಾಸ್ಕಲ್ಲಿ (ಅದಕ್ಕೆ ಸೇರಿದ ಸಿಪಿಯುಗಳ ಪಟ್ಟಿ) ಹಾಕ್ಬೇಕು, ಇಲ್ಲಾಂದ್ರೆ ಪ್ರತಿ ಕೋರಿಗೂ ಬೇರೆ ಪಾಲಿಸಿ ಆಗಿ ಒಂದರ ಸ್ಪೀಡನ್ನ ಇನ್ನೊಂದು ಕೆಡಿಸ್ತಾ ಕೂತಿರತ್ತೆ.

ಇನಿಟ್ ಫೇಲ್ ಆದ್ರೆ ಕೋರ್ ಕೋಡು ನಮ್ಮ ಎಕ್ಸಿಟ್ (ಕ್ಲೀನಪ್ ಫಂಕ್ಷನ್) ಕರೆಯಲ್ಲ, ತಗೊಂಡಿದ್ದನ್ನೆಲ್ಲ ಅಲ್ಲೇ ಉಲ್ಟಾ ಆರ್ಡರಲ್ಲಿ ವಾಪಸ್ ಕೊಡ್ಬೇಕು. ಇನಿಟ್ ಒಳಗೆ ಡೆವ್‌ಎಮ್ ಫಂಕ್ಷನ್ (ಡ್ರೈವರ್ ಹೋದಾಗ ತಾನೇ ಕ್ಲೀನ್ ಮಾಡೋದು) ನಂಬ್ಕೊಂಡು ಕೂರಬೇಡಿ, ಹಾಟ್‌ಪ್ಲಗ್ ಆದಾಗ, ಅಂದ್ರೆ ಪಾಲಿಸಿಯ ಸಿಪಿಯುಗಳೆಲ್ಲ ಆಫ್ ಆಗಿ ಮತ್ತೆ ಆನ್ ಆದಾಗ, ಇನಿಟ್ ಮತ್ತೆ ಓಡತ್ತೆ, ಆದ್ರೆ ಹಳೇ ಮೆಮೊರಿ ಡ್ರೈವರ್ ಬಿಟ್ಟುಹೋಗೋವರೆಗೂ ಹಾಗೇ ಇರತ್ತೆ. ಟೆಸ್ಟ್ ಮಾಡೋಕೆ ಎರಡು ಕ್ಲಸ್ಟರ್ (ಸಿಪಿಯು ಕೋರ್‌ಗಳ ಗುಂಪು) ಇರೋ ಚಿಪ್ ಆದ್ರೆ ಒಂದು ಕ್ಲಸ್ಟರಿನ ಕೋರ್‌ಗಳನ್ನೆಲ್ಲ ಆಫ್‌ಲೈನ್ ಮಾಡಿ ಮತ್ತೆ ಆನ್ ಮಾಡಿ, ಒಂದೇ ಕ್ಲಸ್ಟರ್ ಆದ್ರೆ ಮಾಡ್ಯೂಲನ್ನೇ ತೆಗೆದು, ಮತ್ತೆ ಲೋಡ್ ಮಾಡಿ ನೋಡಿ.